ಟಾಸ್ಕ್ ಬೋರ್ಡಿನಲ್ಲಿ ನಿಂತುಹೋದ ಕೆಲಸ ಪತ್ತೆಹಚ್ಚಲು ಚುಕ್ಕೆ
ಟಾಸ್ಕ್ ಬೋರ್ಡು ಅಂದರೆ ಒಂದೊಂದು ಕೆಲಸಕ್ಕೆ ಒಂದೊಂದು ಚೀಟಿ ಅಂಟಿಸಿ, ಕೆಲಸ ಮುಂದುವರಿದಂತೆ ಅದನ್ನು ಎಡದಿಂದ ಬಲಕ್ಕೆ ಕಾಲಂನಿಂದ ಕಾಲಂಗೆ ಸರಿಸುವ ಹಲಗೆ. ಅದರ 'ನಡೀತಿದೆ' ಕಾಲಂನಲ್ಲಿರುವ ಪ್ರತಿ ಚೀಟಿಯ ಮೂಲೆಗೆ ದಿನಾ ಬೆಳಿಗ್ಗೆ ಒಂದು ಚುಕ್ಕೆ ಇಡಿ. ಕೆಲಸ ಎಲ್ಲಿದೆ ಅಂತ ಬೋರ್ಡು ಹೇಳುತ್ತದೆ, ಎಷ್ಟು ದಿನದಿಂದ ಅಲ್ಲೇ ಕೂತಿದೆ ಅಂತ ಹೇಳುವುದಿಲ್ಲ. ಚುಕ್ಕೆ ಅದನ್ನು ದೂರದಿಂದಲೇ ತೋರಿಸುತ್ತದೆ. ಮೀಟಿಂಗಿನಲ್ಲಿ ಬಲತುದಿಯಿಂದ, ಅಂದರೆ ಮುಗಿಯುವ ಹಂತದಿಂದ ಶುರುಮಾಡಿ, ಮೂರು ಚುಕ್ಕೆ ದಾಟಿದ ಚೀಟಿಗಳನ್ನಷ್ಟೇ ಮಾತಿಗೆ ತೆಗೆದುಕೊಳ್ಳಿ. ಒಂದೊಂದು ಚೀಟಿ ಒಂದೆರಡು ದಿನದ ಕೆಲಸದಷ್ಟು ಚಿಕ್ಕದಿರಬೇಕು. ಎರಡು ವಾರದ ಕೆಲಸವನ್ನು ಒಂದೇ ಚೀಟಿಗೆ ತುಂಬಿದರೆ ಎಲ್ಲದರ ಮೇಲೂ ಚುಕ್ಕೆಯೋ ಚುಕ್ಕೆ, ಪ್ರಯೋಜನವಿಲ್ಲ. ಹೊರಗಿನವರ ಉತ್ತರಕ್ಕೆ ಕಾಯುತ್ತಿರುವುದನ್ನು 'ಕಾಯ್ತಿದೆ' ಅಂತ ಬೇರೆ ಕಾಲಂಗೆ ಹಾಕಿ, ಯಾರಿಗೆ ಕಾಯುತ್ತಿದ್ದೀರಿ ಅಂತ ಚೀಟಿಯ ಮೇಲೇ ಬರೆಯಿರಿ. ಇನ್ನೊಂದು ವಿಷಯ: ಚುಕ್ಕೆ ಎಣಿಸಿ ಯಾರನ್ನಾದರೂ ತರಾಟೆಗೆ ತೆಗೆದುಕೊಂಡಿರೋ, ಮಾರನೇ ದಿನದಿಂದ ಮುಗಿಯದ ಚೀಟಿಗಳೂ ಮುಂದಿನ ಕಾಲಂಗೆ ಜಿಗಿಯುತ್ತವೆ.