ಊಟದ ಮೇಜಿನ ಮೇಲೆ ಕಟ್ಟಿದ ಬೆಂಜ್ ವೈರಿಂಗ್

ಕೊಡಗಿನ ಜಡಿಮಳೆಯ ಕಕ್ಕಡ ತಿಂಗಳು ಕಳೆಯಿತು. ನನ್ನ ಬೆಂಜ್ ಒಂದು ದಿನವೂ ದಾರಿಯಲ್ಲಿ ಕೈಕೊಡಲಿಲ್ಲ. ಇಂಜಿನ್ ವೈರಿಂಗ್ ನಾನೇ ಕಟ್ಟಿದ ಮೇಲೆ ಹೀಗೆ ದಾಟಿದ್ದು ಇದು ಎರಡನೇ ಮಳೆಗಾಲ. ನಾಪೋಕ್ಲು ಕಡೆಯ ನಮ್ಮ ತೋಟದಲ್ಲಿ ಜೂನ್‌ನಿಂದ ಇಲ್ಲಿವರೆಗೆ ಹೆಚ್ಚುಕಡಿಮೆ 100 ಇಂಚು ಬಿದ್ದಿದೆ. ಅಷ್ಟು ಮಳೆಯಲ್ಲಿ ವಾರಕ್ಕೆ ಮೂರು ಸಲ ಮಡಿಕೇರಿ, ತಿಂಗಳಿಗೆ ಎರಡು ಸಲ ಸಂಪಾಜೆ ಘಾಟಿ ಇಳಿದು ಮಂಗಳೂರು. "ಕೊಡಗಿಗೆ ಈ ಗಾಡಿ ಆಗಿಬರಲ್ಲ, ಮಾರಿ ಒಂದು ಜೀಪ್ ತಗೋ" ಅಂತ ಹೇಳದವರೇ ಇರಲಿಲ್ಲ. ಈಗ ಅವರೇ ಮದುವೆಗೆ ಗಾಡಿ ಕೇಳಿಕೊಂಡು ಬರುತ್ತಾರೆ.

ಗಾಡಿ 1996ರ ಇ 220, ಪುಣೆಯಲ್ಲಿ ಜೋಡಿಸಿದ 124 ಮಾದರಿ. 2015ರಲ್ಲಿ ಬೆಂಗಳೂರಿಂದ ತಂದೆ, 1 ಲಕ್ಷ 70 ಸಾವಿರ ಕೊಟ್ಟ ನೆನಪು. ಮೊದಲ ಮೂರು ವರ್ಷ ಬುಷ್, ಬಾಲ್ ಜಾಯಿಂಟ್, ರೇಡಿಯೇಟರ್ ಅಂತ ಮಾಮೂಲಿ ಖರ್ಚು. ಅದನ್ನೆಲ್ಲ ಬರೆಯುವುದಿಲ್ಲ, ನಿಮಗೂ ಗೊತ್ತಿರುವುದೇ.

ತೊಂದರೆ ಶುರುವಾದದ್ದು 2018ರ ಆಗಸ್ಟ್‌ನಲ್ಲಿ. ಜೋಡುಪಾಲ, ಮದೆನಾಡು ಕಡೆ ಗುಡ್ಡ ಕುಸಿದು ಮಂಗಳೂರು ದಾರಿ ಮುಚ್ಚಿತು. ಗಾಡಿ ತಿಂಗಳುಗಟ್ಟಲೆ ಶೆಡ್ಡಿನಲ್ಲೇ ನಿಂತಿತು. ಒಂದು ದಿನ ಬಾನೆಟ್ ಎತ್ತಿದರೆ ಏರ್ ಫಿಲ್ಟರ್ ಡಬ್ಬದ ಕೆಳಗೆ ಇಲಿಗೂಡು. ಕಾಫಿ ಸಿಪ್ಪೆ ತಂದು ಒತ್ತೊತ್ತಾಗಿ ಹಾಸಿದ್ದವು. ಇಂಜಿನ್ನಿಗೆ ಪೆಟ್ರೋಲ್ ಚಿಮ್ಮಿಸುವ ಇಂಜೆಕ್ಟರಿನ ವೈರ್ ಮುಟ್ಟಿದೆ. ಇಲಿ ಕಡಿಯದ ಕಡೆಯೂ ಇನ್ಸುಲೇಷನ್ ಹಪ್ಪಳದ ಹಾಗೆ ಪುಡಿಯಾಗಿ ಬೆರಳಿಗೆ ಬಂತು. ಇಪ್ಪತ್ತು ವರ್ಷದ ಬಿಸಿ ಅಲ್ವಾ.

ಮೊದಲು ಟೇಪ್ ಸುತ್ತಿ ಓಡಿಸಿದೆ. ಮೂರು ತಿಂಗಳು ಬಂತು. ಆಮೇಲೆ ಒಂದು ಗ್ಯಾರೇಜಿನಲ್ಲಿ 22 ಸಾವಿರ ಕೊಟ್ಟು ಪೂರ್ತಿ ವೈರಿಂಗ್ ಮಾಡಿಸಿದೆ. ಸಾಮಾನ್ಯ ಪಿವಿಸಿ ವೈರ್, ಎಲ್ಲ ಜಾಯಿಂಟಿಗೂ ಬೆಸುಗೆ. ನೋಡಲು ಚೆನ್ನಾಗಿತ್ತು. ಆದರೆ ಬೆಸುಗೆ ಹಾಕಿದ ಕಡೆ ವೈರ್ ಕಡ್ಡಿಯಾಗುತ್ತದೆ. ಇಂಜಿನ್ ನಡುಗಿ ನಡುಗಿ ಬೆಸುಗೆ ಮುಗಿಯುವ ಜಾಗದಲ್ಲೇ ಎಳೆ ಎಳೆಯಾಗಿ ತುಂಡಾಗುತ್ತದೆ. ಒಂದು ರಾತ್ರಿ ಮದೆನಾಡು ಹತ್ತಿರ, ಅಮ್ಮ ಹಿಂದಿನ ಸೀಟಿನಲ್ಲಿದ್ದಾಗ, ಗಾಡಿ ಪೂರ್ತಿ ನಿಂತುಹೋಯಿತು. ಎದುರಿಗೆ ಹತ್ತಡಿ ಕಾಣದಷ್ಟು ಮಂಜು. ಮೂರು ಗಂಟೆ ಕಾದೆವು. ಎಕ್ಸಾಸ್ಟ್ ಬಿಸಿಗೆ ಪಿವಿಸಿ ಕರಗಿ ಎರಡು ವೈರ್ ಒಂದಾಗಿದ್ದವು. ಅದರ ಜೊತೆ ಇಂಜೆಕ್ಷನ್ ಕಂಪ್ಯೂಟರೂ ಹೋಯಿತು. ಹಳೆಯದೊಂದನ್ನು ಹುಡುಕಿ ತರಲು 18 ಸಾವಿರ.

ಹೊಸ ಹಾರ್ನೆಸ್, ಅಂದರೆ ಇಂಜಿನ್ನಿನ ವೈರ್‌ಗಳ ಪೂರ್ತಿ ಕಟ್ಟು, ವಿಚಾರಿಸಿದೆ. ಸುಂಕ ಎಲ್ಲ ಸೇರಿ 90 ಸಾವಿರದ ಮೇಲೆ ಹೇಳಿದರು. ಆವತ್ತೇ ನಾನೇ ಕಟ್ಟುತ್ತೇನೆ ಅಂತ ತೀರ್ಮಾನ ಮಾಡಿದೆ. ಊಟದ ಮೇಜಿನ ಮೇಲೆ ಪ್ಲೈವುಡ್ ಹಲಗೆ ಹಾಸಿ, ಹಳೆ ಹಾರ್ನೆಸ್ಸನ್ನು ಇದ್ದ ಹಾಗೇ ಬಿಡಿಸಿಟ್ಟು, ಪ್ರತಿ ಬಾಗಿಗೂ ಮೊಳೆ ಹೊಡೆದೆ. ನಲವತ್ತು ಚಿಲ್ಲರೆ ವೈರ್. ಒಂದು ತೆಗೆದ ಜಾಗಕ್ಕೆ ಒಂದು ಹಾಕಿದ ಮೇಲೇ ಇನ್ನೊಂದು. ಎಲ್ಲ ಒಟ್ಟಿಗೆ ಬಿಚ್ಚಬೇಡಿ. ಕನೆಕ್ಟರಿನಿಂದ ಹಳೆ ಪಿನ್ ತೆಗೆಯಲು ಕೊಡೆಯ ಕಡ್ಡಿಯನ್ನು ಅರದಿಂದ ತೆಳ್ಳಗೆ ಉಜ್ಜಿ ಮಾಡಿಕೊಂಡೆ. ಅಂಗಡಿಯ ಉಪಕರಣಕ್ಕಿಂತ ಅದೇ ವಾಸಿ. ಪಿನ್‌ನ ನಾಲಿಗೆ ಒಳಗೆ ಬಗ್ಗಿದಾಗ 'ಟಿಕ್' ಅಂತ ಬೆರಳಿಗೆ ಗೊತ್ತಾಗುತ್ತದೆ.

ಮೊದಲ ಸಲ ಕಟ್ಟಿದ್ದು ಕೆಟ್ಟಿತು. ಐಡಲ್‌ನಲ್ಲಿ, ಅಂದರೆ ಆಕ್ಸಿಲರೇಟರ್ ಒತ್ತದಿದ್ದಾಗ, ಇಂಜಿನ್ ಗಡಿಯಾರದ ಹಾಗೆ ಒಂದೇ ಸಮ ಓಡುತ್ತಿತ್ತು. 3000 ಆರ್‌ಪಿಎಂ ದಾಟಿದರೆ ಮಾತ್ರ ಮಿಸ್ಸಿಂಗ್. ಪ್ಲಗ್, ಲೀಡ್, ಕಾಯಿಲ್ ಎಲ್ಲ ಬದಲಾಯಿಸಿದೆ. 14 ಸಾವಿರ ಸುಮ್ನೆ ಹೋಯಿತು. ಒಂದು ತಿಂಗಳು ತಲೆಕೆಡಿಸಿಕೊಂಡ ಮೇಲೆ ಹೊಳೆಯಿತು. ಇಂಜಿನ್ ತಿರುಗುವುದನ್ನು ಕಂಪ್ಯೂಟರಿಗೆ ತಿಳಿಸುವ ಕ್ರ್ಯಾಂಕ್ ಸೆನ್ಸರಿನ ವೈರಿನ ಸುತ್ತ ಇದ್ದ ಜಾಲರಿ ಹೊದಿಕೆಯನ್ನು ನಾನು ಬಿಟ್ಟಿದ್ದೆ. ಇಗ್ನಿಷನ್ ಕರೆಂಟಿನ ಗಲಾಟೆ ಆ ಸಣ್ಣ ಸಿಗ್ನಲ್ ಒಳಗೆ ನುಗ್ಗುತ್ತಿತ್ತು. ಜಾಲರಿ ಇರುವ ವೈರ್ ಹಾಕಿ ಒಂದೇ ತುದಿಯನ್ನು ಅರ್ತ್ ಮಾಡಿದೆ. ಎರಡೂ ತುದಿ ಮಾಡಿದರೆ ಮತ್ತೆ ತೊಂದರೆ, ಅದನ್ನೂ ಮಾಡಿ ನೋಡಿದ್ದೇನೆ.

ಈಗ ಇರುವುದು ಎರಡನೇ ಸಲ ಕಟ್ಟಿದ್ದು. ಎಲ್ಲ ಕಡೆ 125 ಡಿಗ್ರಿ ತಡೆಯುವ ಕ್ರಾಸ್‌ಲಿಂಕ್ ವೈರ್, ಎಕ್ಸಾಸ್ಟ್ ಹತ್ತಿರ ಟೆಫ್ಲಾನ್. ಒಂದೇ ಒಂದು ಬೆಸುಗೆ ಇಲ್ಲ, ಎಲ್ಲ ಕ್ರಿಂಪ್, ಅಂದರೆ ಪಿನ್ನನ್ನು ವೈರಿನ ಮೇಲೆ ಇಕ್ಕಳದಿಂದ ಒತ್ತಿ ಕೂರಿಸಿದ್ದು. ಒಳ್ಳೆ ಕ್ರಿಂಪಿಂಗ್ ಇಕ್ಕಳಕ್ಕೆ 7 ಸಾವಿರ ಆಯಿತು. ಅದರಲ್ಲಿ ಜಿಪುಣತನ ಮಾಡಬೇಡಿ. ವೈರ್, ಪಿನ್, ರಬ್ಬರ್ ಸೀಲ್ ಎಲ್ಲ ಸೇರಿ ಇನ್ನೊಂದು 16–17 ಸಾವಿರ. ಪಿನ್ ಎಲ್ಲಿ ಸಿಕ್ಕಿತು ಅಂತ ತುಂಬಾ ಜನ ಕೇಳಿದ್ದಾರೆ. ಬೆಂಗಳೂರಿನ ಎಸ್.ಪಿ. ರೋಡ್ ಅಲ್ಲ, ಜೆ.ಸಿ. ರೋಡೂ ಅಲ್ಲ. ಇಷ್ಟೇ ಹೇಳಬಲ್ಲೆ. ಮಾರಿದವರ ಹತ್ತಿರ ಉಳಿದಿರುವುದು ಎರಡು ಡಬ್ಬ, ನನಗೇ ಬೇಕು.

ನನ್ನ ಮಾತು ಯಾರೂ ನಂಬದಿದ್ದದ್ದು ನೀರಿನ ವಿಷಯದಲ್ಲಿ. ಎಲ್ಲರೂ ಹಾರ್ನೆಸ್ಸಿಗೆ ಪೈಪ್ ಹಾಕಿ, ಸಿಲಿಕೋನ್ ಮೆತ್ತಿ, ನೀರು ಒಳಗೇ ಹೋಗದ ಹಾಗೆ ಮುಚ್ಚಲು ನೋಡುತ್ತಾರೆ. ನಮ್ಮ ಕಡೆ ಜುಲೈ ಬಂದರೆ ಬೀರುವಿನೊಳಗಿನ ಬಟ್ಟೆಗೇ ಬೂಸ್ಟು ಬರುತ್ತದೆ. ಮುಚ್ಚಿದ ಪೈಪಿನೊಳಗೆ ಹವೆ ಹೋಗದೆ ಇರುತ್ತದೆಯೇ? ಒಳಗೆ ಬೆವರಿ ಅಲ್ಲೇ ನಿಲ್ಲುತ್ತದೆ, ಪಿನ್ ಹಸಿರು ಹಿಡಿಯುತ್ತದೆ. ನಾನು ಬಟ್ಟೆ ಟೇಪ್ ಮಾತ್ರ ಸುತ್ತಿದೆ. ಪೈಪ್ ಹಾಕಿದ ಕಡೆ ತೀರಾ ತಗ್ಗಿನ ಜಾಗದಲ್ಲಿ ಒಂದು ತೂತು. ಪ್ರತಿ ವೈರೂ ಕನೆಕ್ಟರಿಗಿಂತ ಎರಡು ಇಂಚು ಕೆಳಗಿಳಿದು ಮತ್ತೆ ಮೇಲೆ ಹತ್ತಬೇಕು. ಆಗ ನೀರು ಬಾಗಿನಲ್ಲೇ ತೊಟ್ಟಿಕ್ಕಿ ಬೀಳುತ್ತದೆ. ಮೊನ್ನೆ ಎರಡು ಕನೆಕ್ಟರ್ ಬಿಚ್ಚಿ ನೋಡಿದೆ. ಪಿನ್ ಹೊಸದರ ಹಾಗೆ ಹೊಳೆಯುತ್ತಿತ್ತು.

ಇಲಿಗೆ ಏನೇನೋ ಮಾಡಿದೆ. ಹೊಗೆಸೊಪ್ಪು, ನುಸಿಗುಳಿಗೆ, ನಮ್ಮದೇ ಕರಿಮೆಣಸಿನ ಪುಡಿ. ಮೆಣಸಿನ ಪುಡಿ ಮಳೆಗಾಲದಲ್ಲಿ ಮುದ್ದೆಯಾಗಿ ಬೂಸ್ಟು ಹಿಡಿಯಿತು. ಕೊನೆಗೆ ಫಿಲ್ಟರ್ ಬಾಯಿಗೆ ಸಣ್ಣ ಕಣ್ಣಿನ ಜಾಲರಿ ಹಾಕಿ, ರಾತ್ರಿ ಬಾನೆಟ್ ತೆರೆದಿಟ್ಟು ಮೇಲೆ ಬಲ್ಬ್ ಉರಿಸಿದೆ. ಬೆಳಕಿನಲ್ಲಿ ಇಲಿ ಗೂಡು ಕಟ್ಟಲಿಲ್ಲ. ಇದರ ಜೊತೆ ವೈರಿಗೆ ಹಚ್ಚುವ ಒಂದು ಲೇಪವೂ ಇದೆ. ಇನ್ನೂ ಒಂದು ವರ್ಷ ನೋಡಿ ಅದರ ಬಗ್ಗೆ ಹೇಳುತ್ತೇನೆ.

ಸೀಟಿನ ಬೂಸ್ಟಿಗೂ ಬಲ್ಬನ್ನೇ ನಂಬಿದ್ದೆ. ಆದರೆ ಇಲ್ಲಿ ಕರೆಂಟ್ ಹೋದರೆ ನಾಲ್ಕು ದಿನ ಬರುವುದಿಲ್ಲ. ಹಾಗಾಗಿ ಗೋಣಿಚೀಲದಲ್ಲಿ 5 ಕೆಜಿ ಇದ್ದಿಲು ತುಂಬಿ ಹಿಂದಿನ ಸೀಟಿನ ಕೆಳಗಿಟ್ಟೆ. ವಾರ ಬಿಟ್ಟು ತೂಗಿದರೆ 5 ಕೆಜಿ 300 ಗ್ರಾಂ ಚಿಲ್ಲರೆ! ಒಂದು ವಾರದಲ್ಲಿ ಗಾಡಿಯೊಳಗಿನ ಅಷ್ಟು ತೇವ ಹೀರಿಕೊಂಡಿತ್ತು. ಈಗ ವಾರಕ್ಕೊಮ್ಮೆ ಬಚ್ಚಲೊಲೆಯ ಪಕ್ಕ ಒಣಗಿಸಿ ಮತ್ತೆ ಇಡುತ್ತೇನೆ.

ಹೆಡ್‌ಲೈಟಿಗೆ ರಿಲೇ (ಬ್ಯಾಟರಿಯಿಂದ ಬಲ್ಬಿಗೆ ನೇರ ಕರೆಂಟ್ ಬಿಡುವ ಸ್ವಿಚ್) ಹಾಕಿದ್ದು 1,400 ರೂಪಾಯಿಯ ಕೆಲಸ. ಬಲ್ಬಿನ ಹತ್ತಿರ 11 ವೋಲ್ಟ್ ಚಿಲ್ಲರೆ ಸಿಗುತ್ತಿತ್ತು, ಈಗ 13ರ ಮೇಲೆ. ಘಾಟಿಯಲ್ಲಿ ರಾತ್ರಿ ಓಡಿಸುವವರು ಮೊದಲು ಇದನ್ನು ಮಾಡಿ. ಶೇ. 20 ಎಥೆನಾಲ್ ಬೆರೆಸಿದ ಇ20 ಪೆಟ್ರೋಲ್ ಬಂದ ಮೇಲೆ ಪೆಟ್ರೋಲ್ ಪೈಪ್‌ಗಳನ್ನೂ ಬದಲಾಯಿಸಿದೆ. ಹಳೆಯವು ಮೆತ್ತಗಾಗಿ ಕೈಗೆ ಅಂಟುತ್ತಿದ್ದವು.

ವೈಪರ್ ಬಗ್ಗೆ ಒಂದು ಮಾತು ಹೇಳಲೇಬೇಕು. ಒಂಟಿ ಕೈಯ ವೈಪರ್, ಮೂಲೆಗೆ ಬಂದಾಗ ಉದ್ದವಾಗಿ ಚಾಚಿ ಒರೆಸುತ್ತದೆ. ನಮ್ಮ ಮಳೆಗೆ ಅದಕ್ಕಿಂತ ಚೆಂದದ್ದು ನಾನು ನೋಡಿಲ್ಲ. ಎರಡು ವರ್ಷಕ್ಕೊಮ್ಮೆ ಅದರ ಗೇರಿನ ಡಬ್ಬ ಬಿಚ್ಚಿ ಗ್ರೀಸ್ ಹಾಕಿ. ಕೈಯಿಂದ ಎಳೆಯಬೇಡಿ. ಅದರ ಕೆಳಗಿನ ತೊಟ್ಟಿಯಿಂದ ಸಿಲ್ವರ್ ಓಕ್ ಎಲೆಗಳನ್ನು ತಪ್ಪದೆ ತೆಗೆಯಿರಿ. ನಾನು ಒಂದು ವರ್ಷ ಮರೆತೆ, ನೀರು ಬ್ಲೋವರ್ ಮೋಟಾರಿಗೆ ಇಳಿಯಿತು.

ಈ ಸಲ ನಮ್ಮ ಆಯುಧ ಪೂಜೆಯ ಹಬ್ಬ ಕೈಲ್ ಪೊಳ್ದ್‌ಗೆ ಕೋವಿ, ಒಡಿಕತ್ತಿಯ ಪಕ್ಕದಲ್ಲಿ ಕ್ರಿಂಪಿಂಗ್ ಇಕ್ಕಳಕ್ಕೂ ತೋಕ್ ಪೂ (ಕೋವಿಗೆ ಇಡುವ ಹೂ) ಇಡುತ್ತೇನೆ ಅಂತ ಅಮ್ಮನಿಗೆ ಹೇಳಿದ್ದೇನೆ. ಅದಾದ ಮೇಲೆ ಹಿಂದಿನ ಸಬ್‌ಫ್ರೇಮ್ ಬುಷ್‌ಗಳು. ಸಾಮಾನು ಬಂದಿದೆ. ಕಾಫಿ ಕೊಯ್ಲಿಗೆ ಮೊದಲು ಮುಗಿಸಬೇಕು.