ಹಳೆಯ 775 ಬೋರ್ಡಿಗೆ ದೊಡ್ಡ ಕೂಲರ್ ಕೂರಿಸಿದ ಬಗೆ

ಇಂಟೆಲ್ 2007ರ ಜನವರಿಯಲ್ಲಿ ಮಾರುಕಟ್ಟೆಗೆ ತಂದ ಕೋರ್ 2 ಕ್ವಾಡ್ ಕ್ಯೂ6600 ಪ್ರೊಸೆಸರ್, ಮದರ್‌ಬೋರ್ಡಿನ 775 ಎಂಬ ಸಾಕೆಟ್ಟಿನಲ್ಲಿ (ಪ್ರೊಸೆಸರ್ ಕೂರುವ ನೆಲೆ) ಕೂತು, ನನ್ನ ಮನೆಯಲ್ಲಿ ಇಂದಿಗೂ ದುಡಿಯುತ್ತಿದೆ. ಹಳೆಯ ಕನ್ನಡ ಪುಸ್ತಕಗಳ ಸ್ಕ್ಯಾನ್ ಪುಟಗಳನ್ನು ಟೆಸರಾಕ್ಟ್ ತಂತ್ರಾಂಶದ ಮೂಲಕ ಪಠ್ಯವಾಗಿಸುವುದು ಅದರ ಕೆಲಸವಾದ್ದರಿಂದ, ನಾಲ್ಕೂ ಕೋರ್‌ಗಳು ಗಂಟೆಗಟ್ಟಲೆ ಬಿಡುವಿಲ್ಲದೆ ಓಡುತ್ತವೆ. ಇರುವುದು ಕಲಬುರಗಿಯಲ್ಲಿ, ಬೇಸಿಗೆಯಲ್ಲಿ ಹೊರಗೆ 40 ಡಿಗ್ರಿ ದಾಟುವುದು ಇಲ್ಲಿ ಹೊಸದೇನಲ್ಲ. ಗಾಳಿಯಿಂದ ತಣಿಸುವ ಯಾವ ಕೂಲರೂ ಪ್ರೊಸೆಸರನ್ನು ಕೋಣೆಯ ಉಷ್ಣಾಂಶಕ್ಕಿಂತ ಕೆಳಗಿಳಿಸಲಾರದು. ಆದ್ದರಿಂದ ಕೋಣೆಯೇ ಕಾದಿರುವಾಗ ಪ್ರೊಸೆಸರ್ ಜೊತೆ ಬಂದ ಗುಂಡು ಕೂಲರಿನ ಫ್ಯಾನು ಎಷ್ಟು ಗದ್ದಲ ಮಾಡಿದರೂ ಕೋರ್ ಉಷ್ಣಾಂಶ 75 ಡಿಗ್ರಿಯ ಮೇಲೆಯೇ ನಿಲ್ಲುತ್ತಿತ್ತು. ನನ್ನದು 95 ವಾಟ್‌ನ ಜಿ0 ಮಾದರಿ; ಅದರ ಲೋಹದ ಮುಚ್ಚಳದ ನಡುವಿಗೆ ಇಂಟೆಲ್ ಹಾಕಿದ ಮಿತಿ 71 ಡಿಗ್ರಿ. ಅದಕ್ಕೂ ಹಿಂದಿನ 105 ವಾಟ್‌ನ ಬಿ3 ಮಾದರಿಗೆ ಮಿತಿ ಇನ್ನೂ ಕಡಿಮೆ, 62.2 ಡಿಗ್ರಿ.

ಆರಿಸಿಕೊಂಡದ್ದು ಕೂಲರ್ ಮಾಸ್ಟರ್ ಹೈಪರ್ 212 ಇವೊ. ಶಾಖವನ್ನು ಮೇಲಕ್ಕೆ ಸಾಗಿಸುವ ನಾಲ್ಕು ತಾಮ್ರದ ಹೀಟ್‌ಪೈಪುಗಳು, 120 ಮಿಲಿಮೀಟರಿನ ಒಂದು ಫ್ಯಾನು, 159 ಮಿಲಿಮೀಟರ್ ಎತ್ತರ, ಫ್ಯಾನು ಸೇರಿ ಸುಮಾರು 580 ಗ್ರಾಂ ತೂಕ. ಕೊಳ್ಳುವಾಗ ಮುಖ್ಯವಾಗಿ ನೋಡಿದ್ದು ಪೆಟ್ಟಿಗೆಯ ಮೇಲಿನ ಸಾಕೆಟ್ ಪಟ್ಟಿಯನ್ನು. 775 ಬೋರ್ಡಿನಲ್ಲಿ ಕೂಲರಿನ ನಾಲ್ಕು ರಂಧ್ರಗಳು 72 ಮಿಲಿಮೀಟರ್ ಅಂತರದ ಚೌಕದಲ್ಲಿವೆ. ನಂತರ ಬಂದ 1156 ಸಾಕೆಟ್ಟಿನಲ್ಲಿ ಅದು 75, 1366ರಲ್ಲಿ 80. ಮೂರೇ ಮಿಲಿಮೀಟರಿನ ವ್ಯತ್ಯಾಸವಾದರೂ ಸ್ಕ್ರೂ ಇಳಿಯುವುದಿಲ್ಲ. ಈಚೆಗೆ ತಯಾರಾಗುವ ಎಷ್ಟೋ ಕೂಲರುಗಳು 775ನ್ನು ಕೈಬಿಟ್ಟಿವೆ.

ಹಳೆಯ ಯಂತ್ರಕ್ಕೆ ದೊಡ್ಡ ಕೂಲರ್ ಹಾಕುವವರು ಕೂಲರಿನ ಗುಣಗಳನ್ನೇ ವಿಚಾರಿಸುತ್ತಾರೆ. ವಿಚಾರಿಸಬೇಕಾದದ್ದು ಬೋರ್ಡನ್ನು ಮತ್ತು ಕ್ಯಾಬಿನೆಟ್ಟನ್ನು ಎಂಬುದು ನನ್ನ ಅಭಿಪ್ರಾಯ. ಮೊದಲು ಜಾಗವನ್ನು ಅಳೆದೆ. 159 ಮಿಲಿಮೀಟರ್ ಎಂಬ ಲೆಕ್ಕ ಪ್ರೊಸೆಸರಿನ ಮೇಲ್ಮೈಯಿಂದ ಆರಂಭವಾಗುತ್ತದೆ. ಅದರ ಕೆಳಗೆ ಸಾಕೆಟ್ ಮತ್ತು ಪ್ರೊಸೆಸರ್ ಸೇರಿ ಸುಮಾರು 8, ಬೋರ್ಡಿನ ದಪ್ಪ 1.6, ಬೋರ್ಡನ್ನು ಎತ್ತಿ ಹಿಡಿಯುವ ಹಿತ್ತಾಳೆಯ ಸ್ಟ್ಯಾಂಡುಗಳು 6ರಿಂದ 7 ಮಿಲಿಮೀಟರ್ ಇರುತ್ತವೆ. ಎಲ್ಲ ಕೂಡಿದರೆ ಬೋರ್ಡು ಕೂರುವ ತಗಡಿನಿಂದ ಪಕ್ಕದ ಬಾಗಿಲಿನವರೆಗೆ ಒಳಗೇ 176 ಮಿಲಿಮೀಟರ್ ಬೇಕು. ಹೊರ ಅಗಲವೇ 180 ಇರುವ ಅಗ್ಗದ ಕ್ಯಾಬಿನೆಟ್ಟುಗಳಲ್ಲಿ ಇದು ಆಗದ ಮಾತು. ನನ್ನದು ಅಗಲವಾದದ್ದರಿಂದ ಜಾಗ ಸಿಕ್ಕಿತು, ಆದರೆ ಬಾಗಿಲಿನ ಒಳಬದಿಯಲ್ಲಿ ಆ ಕಾಲದ ಕ್ಯಾಬಿನೆಟ್ಟುಗಳಿಗೆ ಇರುತ್ತಿದ್ದ ಪ್ಲಾಸ್ಟಿಕ್ ಗಾಳಿಕೊಳವೆಯನ್ನು ಬಿಚ್ಚಿ ತೆಗೆಯಬೇಕಾಯಿತು.

ಹಳೆಯ ಕೂಲರ್ ತೆಗೆಯುವ ಮೊದಲು ಯಂತ್ರವನ್ನು ಸ್ವಲ್ಪ ಹೊತ್ತು ಓಡಿಸಿ ಬಿಸಿ ಮಾಡಿ, ಆರಿಸಿ, ವಿದ್ಯುತ್ ಸಂಪರ್ಕ ಕಿತ್ತೆ. ಪ್ರೊಸೆಸರಿನಿಂದ ಕೂಲರಿಗೆ ಶಾಖ ದಾಟಿಸುವ, ವರ್ಷಗಳಿಂದ ಗಟ್ಟಿಯಾಗಿದ್ದ ಪೇಸ್ಟ್ ಇದರಿಂದ ಸಡಿಲವಾಗುತ್ತದೆ. ನಾಲ್ಕು ಪ್ಲಾಸ್ಟಿಕ್ ಪಿನ್ನುಗಳನ್ನು ತಿರುಗಿಸಿ ಮೇಲೆಳೆದು, ಕೂಲರನ್ನು ಎಡಬಲಕ್ಕೆ ಮೆಲ್ಲನೆ ತಿರುಚಿ ಬಿಡಿಸಿದೆ. ನನ್ನ ಕ್ಯಾಬಿನೆಟ್ಟಿನಲ್ಲಿ ಸಾಕೆಟ್ ಹಿಂದೆ ತಗಡು ಕತ್ತರಿಸಿರಲಿಲ್ಲವಾದ್ದರಿಂದ ಇಡೀ ಬೋರ್ಡನ್ನೇ ಹೊರತೆಗೆದೆ. ಮುಂಭಾಗದ ಸ್ವಿಚ್ಚಿನ ಸಣ್ಣ ವೈರುಗಳ ಫೋಟೋ ತೆಗೆದಿಟ್ಟುಕೊಳ್ಳುವುದು ಲೇಸು.

ಈ ಕೆಲಸದ ಜೀವಾಳವೆಂದರೆ ಹಿಂಬದಿಯ ಫಲಕ. 775 ಸಾಕೆಟ್ಟಿಗೆ 1156 ಅಥವಾ 1366ಕ್ಕೆ ಇರುವಂತೆ ಬೋರ್ಡಿನ ಹಿಂದೆ ತನ್ನದೇ ಲೋಹದ ಆಧಾರವಿಲ್ಲ. ಪಿನ್ನುಗಳ ಎಳೆತಕ್ಕೆ ಬೋರ್ಡು ವರ್ಷಗಟ್ಟಲೆ ಬಾಗಿಯೇ ಇರುತ್ತದೆ. ನನ್ನ ಬೋರ್ಡಿನ ಹಿಂಬದಿಗೆ ಉಕ್ಕಿನ ಅಳತೆಪಟ್ಟಿ ಇಟ್ಟಾಗ ಸಾಕೆಟ್ ಬಳಿಯ ಉಬ್ಬು ಕಣ್ಣಿಗೇ ಕಾಣುತ್ತಿತ್ತು. ಕೂಲರಿನೊಂದಿಗೆ ಬಂದ ಫಲಕವನ್ನು ಇಡುವ ಮುನ್ನ ಹಿಂಬದಿಯ ಬೆಸುಗೆಯ ಮೊನೆಗಳಲ್ಲಿ ಯಾವುದೂ ಅದರ ಅಂಚಿಗೆ ತಾಗುವುದಿಲ್ಲವೆಂದು ದೀಪ ಹಿಡಿದು ಖಚಿತಪಡಿಸಿಕೊಂಡೆ. ಸ್ಕ್ರೂಗಳನ್ನು 775ರ ಗುರುತಿನ ರಂಧ್ರಗಳಲ್ಲಿ ತೂರಿಸಿ, ನಟ್ಟುಗಳನ್ನು ಬೋರ್ಡು ಅಲುಗದಷ್ಟಕ್ಕೆ ಮಾತ್ರ ಬಿಗಿದೆ.

ಕ್ಯೂ6600ರ ಮುಚ್ಚಳದ ಕೆಳಗೆ ಎರಡು ಪ್ರತ್ಯೇಕ ಚಿಪ್ಪುಗಳು ಪಕ್ಕಪಕ್ಕದಲ್ಲಿವೆ, ಒಂದೊಂದರಲ್ಲೂ ಎರಡು ಕೋರ್. ಹಾಗಾಗಿ ನಡುವೆ ಒಂದೇ ಚುಕ್ಕೆ ಪೇಸ್ಟ್ ಹಾಕುವ ರೂಢಿ ಇಲ್ಲಿ ನನಗೆ ಒಪ್ಪಿಗೆಯಾಗಲಿಲ್ಲ. ಹಳೆಯ ಪೇಸ್ಟನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸಿ, ಕೂಲರಿನ ತಳದಲ್ಲಿ ಪೈಪುಗಳ ನಡುವಿನ ಗೀರುಗಳಿಗೆ ಮೊದಲು ಪೇಸ್ಟ್ ತುಂಬಿ ಮಟ್ಟಮಾಡಿ, ಆಮೇಲೆ ಪ್ರೊಸೆಸರಿನ ಮೇಲೆ ಎರಡು ತೆಳು ಗೆರೆ ಎಳೆದೆ. ಕೂಲರನ್ನು ಹಿಡಿದಿಡುವ, ಕತ್ತರಿಯಂತೆ ತೆರೆಯುವ ಪಟ್ಟಿಯ ನಾಲ್ಕು ಸ್ಪ್ರಿಂಗ್ ಸ್ಕ್ರೂಗಳನ್ನು ಎದುರುಬದುರು ಮೂಲೆಗಳಲ್ಲಿ ಒಂದೆರಡು ಸುತ್ತಿನಂತೆ ಸರದಿಯಲ್ಲಿ ಬಿಗಿಯಬೇಕು. ಒಂದೇ ಮೂಲೆಯನ್ನು ಪೂರ್ತಿ ಬಿಗಿದರೆ ತಳ ಓರೆಯಾಗಿ ಪೇಸ್ಟ್ ಒಂದೇ ಕಡೆ ಸೇರುತ್ತದೆ. ಬೋರ್ಡನ್ನು ಮತ್ತೆ ಒಳಗಿಟ್ಟಾಗ 12 ವೋಲ್ಟಿನ ನಾಲ್ಕು ಪಿನ್ ಪ್ಲಗ್ಗನ್ನು ಮತ್ತು ರ‍್ಯಾಮನ್ನು ಮೊದಲೇ ಸಿಕ್ಕಿಸಿ, ಕೂಲರಿನ ಫ್ಯಾನನ್ನು ಕೊನೆಗೆ ಹಾಕಿದೆ. ನನ್ನ ಡಿಡಿಆರ್2 ರ‍್ಯಾಮಿಗೆ ಲೋಹದ ಕವಚವಿಲ್ಲದ್ದರಿಂದ ಫ್ಯಾನು ಅದಕ್ಕೆ ತಾಗಲಿಲ್ಲ.

ಅದೇ ಕೋಣೆಯಲ್ಲಿ ಅದೇ ಕೆಲಸ ಕೊಟ್ಟು ಲಿನಕ್ಸಿನ ಸೆನ್ಸರ್ಸ್ ಆದೇಶದಿಂದ ನೋಡಿದಾಗ ಕೋರ್‌ಗಳು 60ರ ಆಸುಪಾಸಿನಲ್ಲಿ ನಿಂತವು, ಸದ್ದೂ ತಗ್ಗಿತು. ಆದರೆ ಇಷ್ಟಕ್ಕೇ ಬಾಗಿಲು ಮುಚ್ಚಬಾರದು. ಮೊದಲಿನ ಗುಂಡು ಕೂಲರ್ ಗಾಳಿಯನ್ನು ಬೋರ್ಡಿನ ಮೇಲೆಯೇ ಊದುತ್ತಿದ್ದರಿಂದ ಪ್ರೊಸೆಸರಿಗೆ ವಿದ್ಯುತ್ ಒದಗಿಸುವ ಪಕ್ಕದ ಮಾಸ್‌ಫೆಟ್ಟುಗಳಿಗೂ ಕೆಪಾಸಿಟರುಗಳಿಗೂ, ಪ್ರೊಸೆಸರನ್ನು ರ‍್ಯಾಮಿಗೆ ಜೋಡಿಸುವ ನಾರ್ತ್‌ಬ್ರಿಡ್ಜ್ ಚಿಪ್ಪಿಗೂ ಅದರ ಪಾಲು ಸಿಗುತ್ತಿತ್ತು. ಗೋಪುರದಂಥ ಕೂಲರ್ ಗಾಳಿಯನ್ನು ಬೋರ್ಡಿಗೆ ಸಮಾನಾಂತರವಾಗಿ ಹಿಂದಕ್ಕೆ ಕಳಿಸುತ್ತದೆ. ಕೆಳಗಿನವರಿಗೆ ಏನೂ ಉಳಿಯುವುದಿಲ್ಲ. ಮಲ್ಟಿಮೀಟರಿನ ಉಷ್ಣಾಂಶದ ತಂತಿಯನ್ನು ನಾರ್ತ್‌ಬ್ರಿಡ್ಜಿನ ಹೀಟ್‌ಸಿಂಕಿಗೆ (ಶಾಖ ಹೀರುವ ಲೋಹದ ತುಂಡು) ತಾಗಿಸಿ ನೋಡಿದಾಗ ಅದು ಮೊದಲಿಗಿಂತ ಹೆಚ್ಚು ಬಿಸಿಯಾಗಿತ್ತು. ಎಲೆಕ್ಟ್ರೊಲೈಟಿಕ್ ಕೆಪಾಸಿಟರುಗಳ ಆಯುಸ್ಸು 10 ಡಿಗ್ರಿ ಏರಿದರೆ ಸರಿಸುಮಾರು ಅರ್ಧಕ್ಕಿಳಿಯುತ್ತದೆಂಬ ಲೆಕ್ಕವಿರುವಾಗ, ಹಳೆಯ ಬೋರ್ಡಿನಲ್ಲಿ ಇದನ್ನು ಅಲಕ್ಷಿಸುವುದು ಪ್ರೊಸೆಸರನ್ನು ಉಳಿಸಿ ಬೋರ್ಡನ್ನು ಕಳೆದುಕೊಂಡಂತೆ. ಕೂಲರಿನ ಫ್ಯಾನನ್ನು ಅದರ ಕ್ಲಿಪ್ಪಿನಲ್ಲೇ ಸಾಧ್ಯವಾದಷ್ಟು ಬೋರ್ಡಿನತ್ತ ಸರಿಸಿದೆ. 80 ಮಿಲಿಮೀಟರಿನ ಹಳೆಯ ಫ್ಯಾನೊಂದನ್ನು ಕೇಬಲ್ ಟೈನಿಂದ ಓರೆಯಾಗಿ ಕಟ್ಟಿ ನಾರ್ತ್‌ಬ್ರಿಡ್ಜಿನ ಮೇಲೆ ಊದುವಂತೆ ಮಾಡಿದೆ. ನೋಟಕ್ಕೆ ಚೆನ್ನಾಗಿಲ್ಲ, ಆದರೆ ಹೀಟ್‌ಸಿಂಕ್ ಈಗ ಬೆರಳಿಟ್ಟು ಹಿಡಿಯುವಷ್ಟು ತಣ್ಣಗಿದೆ.

ಯಂತ್ರವನ್ನು ಬೇರೆಡೆಗೆ ಸಾಗಿಸುವಾಗ ಕ್ಯಾಬಿನೆಟ್ಟನ್ನು ಮಲಗಿಸಿಯೇ ಒಯ್ಯುತ್ತೇನೆ. ನಿಲ್ಲಿಸಿದರೆ ಅರ್ಧ ಕಿಲೋ ಮೀರಿದ ಭಾರವು ನಾಲ್ಕು ಸ್ಕ್ರೂಗಳಿಂದ ಅಡ್ಡಲಾಗಿ ಜೋತು, ರಸ್ತೆಯ ಪ್ರತಿ ಕುಲುಕಿಗೂ ಬೋರ್ಡನ್ನು ಎಳೆಯುತ್ತದೆ.