ನಿಂತುಕೊಂಡೇ ನ್ಯೂರೋಫೀಡ್‌ಬ್ಯಾಕ್: ಮುಂಬೈನ ಮುಲುಂಡ್ ಕ್ಲಿನಿಕ್‌ನ ನನ್ನ ಅನುಭವ

ನ್ಯೂರೋಫೀಡ್‌ಬ್ಯಾಕ್ ಅಂದರೆ ಪೇಷಂಟ್‌ಗೆ ಅವರ ಮೆದುಳಿನ ಅಲೆಯನ್ನೇ ಆಗಿಂದಾಗಲೇ ತೋರಿಸಿ ಇಲ್ಲವೇ ಕೇಳಿಸಿ, ಅದನ್ನು ಬದಲಿಸಲು ಕಲಿಸುವುದು. ಕುರ್ಚಿಯಲ್ಲಿ ಕೂರಿಸಿ ಕೊಟ್ಟರೆ ಬ್ಯಾಲೆನ್ಸ್ ಸುಧಾರಿಸಿದ್ದನ್ನು ನಾನಂತೂ ಕಂಡಿಲ್ಲ. ನಿಲ್ಲಿಸಿ ಕೊಡಬೇಕು, ಕಣ್ಣೆದುರಿನ ಸ್ಕ್ರೀನ್ ತೆಗೆಯಬೇಕು. ಇಷ್ಟು ತಿಳಿಯಲು ಫಿಸಿಯೋಥೆರಪಿಸ್ಟ್ ಆದ ನನಗೆ ಎರಡು ವರ್ಷ ಹಿಡಿಯಿತು, ಹೆಚ್ಚುಕಮ್ಮಿ ಎರಡೂವರೆ ಲಕ್ಷ ಕೈಬಿಟ್ಟಿತು. ಶುರು ಮಾಡಿದಾಗ ಜೊತೆಯ ಫಿಸಿಯೋಗಳೇ ನಕ್ಕಿದ್ದರು. ನನಗೆ ಪೇಷಂಟ್ ಕಳಿಸುವ ನ್ಯೂರಾಲಜಿಸ್ಟ್ ಒಬ್ಬರು, "ಮೇಡಂ, ಗೇಟ್ ಟ್ರೇನಿಂಗ್, ಅದೇ ನಡಿಗೆ ಅಭ್ಯಾಸ, ಚೆನ್ನಾಗಿ ಮಾಡಿಸ್ತಿದ್ರಿ, ಇದೆಲ್ಲ ಯಾಕೆ ತಲೆನೋವು?" ಅಂದಿದ್ದರು. ಈಗ ಅವರೇ ಚೀಟಿಯಲ್ಲಿ ಬರೆದು ಕಳಿಸುತ್ತಾರೆ. ಅದಕ್ಕೇ ಇದನ್ನು ಬರೆಯುವ ಧೈರ್ಯ ಬಂತು.

ಮೊದಲು ದುಡ್ಡಿನ ಕಥೆ. ಹಣೆಗೆ ಕಟ್ಟುವ ಧ್ಯಾನದ ಪಟ್ಟಿಯೊಂದನ್ನು ಸೆಕೆಂಡ್ ಹ್ಯಾಂಡ್‌ನಲ್ಲಿ ತಗೊಂಡೆ, ಹದಿನೈದು ಸಾವಿರದ ಆಸುಪಾಸು. ಅದರ ಸೆನ್ಸರ್ ಇರುವುದು ಹಣೆ ಮೇಲೆ, ಕಿವಿ ಹಿಂದೆ. ನಮಗೆ ಬೇಕಾದದ್ದು ನೆತ್ತಿ, ಅಂದರೆ ಸಿಝಡ್ ಜಾಗ. ಈಗ ಅದು ಮಗಳ ಆಟದ ಸಾಮಾನು. ಆಮೇಲೆ ಒಂದು ಕಂಪನಿಯವರ ಮಾತು ಕೇಳಿ ಪೂರ್ತಿ ಪ್ಯಾಕೇಜ್ ಕೊಂಡೆ, ಲಕ್ಷದ ಮೇಲೆ ಆಯಿತು. ಹೋಟೆಲಿನಲ್ಲಿ ಎರಡು ದಿನ ತರಬೇತಿ, ಒಳ್ಳೆ ಊಟ, ಒಂದು ಸರ್ಟಿಫಿಕೇಟ್. ವಾಪಸ್ ಬಂದು ನೋಡಿದರೆ ಪ್ರೋಟೋಕಾಲ್‌ಗಳೆಲ್ಲ ಲಾಕ್. ಥ್ರೆಶೋಲ್ಡ್, ಅಂದರೆ ಅಲೆ ಎಷ್ಟು ದಾಟಿದರೆ ಸರಿ ಅನ್ನುವ ಗೆರೆ, ಬದಲಾಯಿಸಲೂ ಆಗಲ್ಲ. ವರ್ಷ ಮುಗಿದ ಮೇಲೆ ರಿನ್ಯೂವಲ್ ಅಂತ ಇನ್ನೂ ಮೂವತ್ತು ಸಾವಿರ ಕೇಳಿದರು. ಅಲ್ಲಿಗೆ ಕೈಮುಗಿದೆ.

ಕೊನೆಗೆ ನಿಂತದ್ದು ಮೆದುಳಿನ ಅಲೆ ಹಿಡಿಯುವ ಓಪನ್‌ಬಿಸಿಐ ಗ್ಯಾಂಗ್ಲಿಯನ್ ಬೋರ್ಡ್ ಮೇಲೆ. ನಾಲ್ಕೇ ಚಾನೆಲ್, ಸೆಕೆಂಡಿಗೆ 200 ಸ್ಯಾಂಪಲ್. ನಮ್ಮ ಕೆಲಸಕ್ಕೆ ಧಾರಾಳ ಸಾಕು. ಸಾಫ್ಟ್‌ವೇರ್ ಪುಕ್ಕಟೆ ಸಿಗುವ ಓಪನ್‌ವೈಬ್. ಕನೆಕ್ಟರ್, ವೈರು ಎಲ್ಲ ಲ್ಯಾಮಿಂಗ್ಟನ್ ರೋಡಿನಿಂದ. ನಿಂತಾಗ ಮೈಯ ತೂಗಾಟ ಅಳೆಯಲು ನಿಂಟೆಂಡೊದ ಹಳೆಯ ವೀ ಬ್ಯಾಲೆನ್ಸ್ ಬೋರ್ಡ್, ಎರಡೂವರೆಯೋ ಮೂರೋ ಸಾವಿರ ಕೊಟ್ಟ ನೆನಪು. ನಾಲ್ಕು ಮೂಲೆಗೆ ನಾಲ್ಕು ಲೋಡ್ ಸೆನ್ಸರ್ ಇರುವ ಆ ಹಲಗೆ ಆಟಕ್ಕೆ ಅಂತ ಬಂದದ್ದು, ಸಂಶೋಧಕರೂ ಬಳಸಿದ್ದಾರೆ. ಲಕ್ಷಗಟ್ಟಲೆಯ ಫೋರ್ಸ್ ಪ್ಲೇಟ್ ನನ್ನಂಥವರಿಗೆ ಎಲ್ಲಿಂದ ಬರಬೇಕು?

ಸಿಗ್ನಲ್ ಸರಿಮಾಡಲು ಪಟ್ಟ ಪಾಡು ಬೇರೆಯೇ. ಕ್ಲಿನಿಕ್ ಕೆಳಗೆ ಹಿಟ್ಟಿನ ಗಿರಣಿ ಇದೆ. ಬೆಳಿಗ್ಗೆ ಹನ್ನೊಂದಕ್ಕೆ ಮೋಟರ್ ಶುರುವಾದರೆ ಕರೆಂಟಿನ 50 ಹರ್ಟ್ಸ್ ಗದ್ದಲದಲ್ಲಿ ಅಲೆಗಳೆಲ್ಲ ಮುಳುಗಿ ಹೋಗುತ್ತಿದ್ದವು. ಆ ಒಂದು ಫ್ರೀಕ್ವೆನ್ಸಿಯನ್ನು ಮಾತ್ರ ತೆಗೆಯುವ ನಾಚ್ ಫಿಲ್ಟರ್ ಒಂದರಿಂದ ಆಗಲಿಲ್ಲ. ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿ ಮೇಲೆ ಓಡಿಸಿದೆ, ಎಲೆಕ್ಟ್ರೋಡ್ ವೈರುಗಳನ್ನು ಜಡೆಯಂತೆ ಹೆಣೆದೆ, ಸೆಷನ್‌ಗಳನ್ನು ಗಿರಣಿಯವನ ಊಟದ ಹೊತ್ತಿಗೆ ಹಾಕಿಕೊಂಡೆ. ಮಳೆಗಾಲದಲ್ಲಿ ಇನ್ನೊಂದು ಕಾಟ. ಬೆವರಿಗೆ ಬೇಸ್‌ಲೈನ್ ತೇಲಾಡುತ್ತದೆ, ಫ್ಯಾನ್ ಸಾಲದು, ಏಸಿ ಬೇಕೇ ಬೇಕು. ಇನ್ನು ನಮ್ಮ ಕರಾವಳಿಯವರ ತಲೆ! ದಿನಾ ತೆಂಗಿನೆಣ್ಣೆ. ಸಿಝಡ್ ಹುಡುಕಲು ಹುಬ್ಬುಗಳ ನಡುವಿನ ಮೂಗಿನ ಬುಡದಿಂದ ಹಿಂದಲೆಯ ಗುಬುಟಿಗೆ ಟೇಪ್ ಹಿಡಿದು ಅರ್ಧ, ಕಿವಿಯಿಂದ ಕಿವಿಗೆ ಅರ್ಧ, ಎರಡೂ ಸೇರುವ ಕಡೆ ಪೆನ್ಸಿಲ್ ಗುರುತು. ಕೂದಲು ಬಿಡಿಸಿ ನ್ಯೂಪ್ರೆಪ್ ಅನ್ನುವ ಚರ್ಮ ಉಜ್ಜುವ ಜೆಲ್ ಹಚ್ಚಿ ಎಷ್ಟು ಉಜ್ಜಿದರೂ ಇಂಪೀಡೆನ್ಸ್, ಅಂದರೆ ಸಿಗ್ನಲ್‌ಗೆ ಚರ್ಮ ಒಡ್ಡುವ ತಡೆ, 5 ಕಿಲೋಓಮ್‌ಗೆ ಇಳಿಯುತ್ತಿರಲಿಲ್ಲ. ಈಗ ಅಪಾಯಿಂಟ್‌ಮೆಂಟ್ ಕೊಡುವಾಗಲೇ ಹೇಳುತ್ತೇನೆ, ಹಿಂದಿನ ರಾತ್ರಿ ಎರಡು ಸಲ ಶಾಂಪೂ ಹಾಕಿ, ಬೆಳಿಗ್ಗೆ ಎಣ್ಣೆ ಮುಟ್ಟಬೇಡಿ ಅಂತ.

ಪೂರ್ತಿ ನಂಬಿ ಬಂದ ಮೊದಲ ಪೇಷಂಟ್ ಒಬ್ಬ ಹೋಟೆಲ್ ಮಾಲೀಕರು. ಕಾರ್ಕಳ ಕಡೆಯವರು, ಎಪ್ಪತ್ತರ ಹತ್ತಿರ, ಪಾರ್ಕಿನ್ಸನ್. ನಂಬಿ ಬಂದರು ಅಂದೆ, ಆದರೆ ಮೊದಲ ದಿನದ ಮಾತು ಇದು: "ಎಂತ ಡಾಕ್ಟ್ರೇ, ತಲೆಗೆ ವಯರ್ ಕಟ್ಟಿದ್ರೆ ಕಾಲು ನಿಲ್ತದಾ?" ಕೂರಿಸಿಯೇ ಶುರು ಮಾಡಿದೆ. ಸಿಝಡ್‌ನಲ್ಲಿ 12ರಿಂದ 15 ಹರ್ಟ್ಸ್ ಅಲೆ ಏರಿಸಬೇಕು, 4ರಿಂದ 7ರದ್ದು ಇಳಿಸಬೇಕು, ಹಾಗಾದರೆ ಸ್ಕ್ರೀನ್ ಮೇಲೆ ದೋಣಿ ಓಡುತ್ತದೆ. ಮೂರ್ನಾಲ್ಕು ವಾರದಲ್ಲಿ ಗ್ರಾಫ್ ನೋಡಲು ಬಲು ಚೆಂದ. ವೀ ಬೋರ್ಡ್ ಮೇಲೆ ನಿಲ್ಲಿಸಿದರೆ ತೂಗಾಟ ಮೊದಲಿನಷ್ಟೇ. ತಿರುಗುವಾಗ ಅದೇ ಪುಟ್ಟ ಪುಟ್ಟ ಹೆಜ್ಜೆ.

ನಿಲ್ಲಿಸಿ ಕೊಟ್ಟಾಗ ಸ್ವಲ್ಪ ವ್ಯತ್ಯಾಸ ಬಂತು, ಮನೆಗೆ ಹೋದರೆ ಮತ್ತೆ ಅಷ್ಟೇ. ಆಗ ಹೊಳೆದದ್ದು ರಾಂಬರ್ಗ್. ಕಾಲು ಜೋಡಿಸಿ ನಿಲ್ಲಿಸಿ ಕಣ್ಣು ಮುಚ್ಚಿಸಿ ನೋಡುವುದು, ಫಿಸಿಯೋಗಳು ನಾವೆಲ್ಲ ದಿನಾ ಮಾಡುವ ಟೆಸ್ಟ್, ಅಲ್ವಾ? ಕಣ್ಣು ಒಂದು ಕಡೆ ನೆಟ್ಟಿದ್ದರೆ ಯಾರಾದರೂ ನಿಲ್ಲುತ್ತಾರೆ. ಎದುರಿಗೆ ಸ್ಕ್ರೀನ್ ಇಟ್ಟು ನಾನೇ ಅವರ ಕಣ್ಣಿಗೆ ಊರುಗೋಲು ಕೊಟ್ಟಂತೆ ಆಗಿತ್ತು. ಸ್ಕ್ರೀನ್ ತೆಗೆದೆ, ಫೀಡ್‌ಬ್ಯಾಕ್ ಪೂರ್ತಿ ಕಿವಿಗೆ ಬಿಟ್ಟೆ. ಬೀಪ್ ಶಬ್ದಕ್ಕೆ ಅವರು ಬೆಚ್ಚಿ ಹೆಗಲು ಬಿಗಿ ಮಾಡುತ್ತಿದ್ದರು. ಅದರ ಬದಲು ತಂಬೂರಿ ಶ್ರುತಿ ಹಾಕಿದೆ. ಅಲೆ ಸರಿಯಿದ್ದರೆ ಶ್ರುತಿ ತುಂಬಿ ಕೇಳಿಸುತ್ತದೆ, ತಪ್ಪಿದರೆ ಸಣ್ಣಗಾಗುತ್ತದೆ. ಇದನ್ನು ಬೇರೆ ಯಾರೂ ಮಾಡಿದ್ದು ನಾನಂತೂ ನೋಡಿಲ್ಲ, ನನ್ನದೇ ಐಡಿಯಾ ಅಂತ ಹೇಳಿಕೊಳ್ಳಲು ಸಂಕೋಚವೂ ಇಲ್ಲ.

ನಿಂತಾಗ ಕುತ್ತಿಗೆಯ ಸ್ನಾಯುವಿನ ಸಿಗ್ನಲ್ ಒಳಗೆ ನುಗ್ಗುತ್ತದೆ. ಹಲ್ಲು ಕಚ್ಚಿದರೂ ನಾವು ಏರಿಸಬೇಕಾದ ಅಲೆಯೇ ಏರಿದಂತೆ ಕಾಣುತ್ತದೆ, ಪೇಷಂಟ್ ತಿಳಿಯದೆಯೇ ಮೋಸ ಮಾಡುತ್ತಾರೆ. ಅದಕ್ಕೆ ಒಂದು ಚಾನೆಲ್ ಕುತ್ತಿಗೆಗೇ ಮೀಸಲು. ಅಲ್ಲಿ ಬಿಗಿಯಾದರೆ ಶ್ರುತಿ ಬಂದ್. ಮೂರು ನಿಮಿಷದ ಸುತ್ತು, ಮಧ್ಯೆ ಕೂರಿಸಿ ವಿಶ್ರಾಂತಿ. ಮೊದಲು ಗಟ್ಟಿ ನೆಲ, ಆಮೇಲೆ ಫೋಮ್, ಕೊನೆಗೆ ತಲೆ ಅತ್ತಿತ್ತ ತಿರುಗಿಸುತ್ತಾ. ಪ್ಯಾರಲಲ್ ಬಾರ್ ಒಳಗೆ, ಸೊಂಟಕ್ಕೆ ಬೆಲ್ಟ್, ಹಿಂದೆ ಸಹಾಯಕ ಹುಡುಗ ನಿಂತಿರಲೇಬೇಕು. ಥ್ರೆಶೋಲ್ಡ್ ಯಾವಾಗ, ಎಷ್ಟು ಏರಿಸಬೇಕು ಅನ್ನುವುದನ್ನು ಇಲ್ಲಿ ಬರೆಯಲ್ಲ. ಹೊಟ್ಟೆಪಾಡು, ತಪ್ಪು ತಿಳಿಯಬೇಡಿ.

ಎರಡೂವರೆ ತಿಂಗಳಾಗುವಷ್ಟರಲ್ಲಿ ಆ ಹೋಟೆಲ್ ಮಾಲೀಕರ ಬರ್ಗ್ ಸ್ಕೋರ್, ಅಂದರೆ ಬ್ಯಾಲೆನ್ಸ್ ಪರೀಕ್ಷೆಯ ಅಂಕ, 56ಕ್ಕೆ 41 ಇದ್ದದ್ದು 48ರ ಹತ್ತಿರ ಬಂತು. ಎದ್ದು ಮೂರು ಮೀಟರ್ ನಡೆದು ತಿರುಗಿ ಬಂದು ಕೂರಲು ಹತ್ತೊಂಬತ್ತು ಸೆಕೆಂಡ್ ಬೇಕಿತ್ತು, ಹದಿಮೂರು ಚಿಲ್ಲರೆಗೆ ಇಳಿಯಿತು. ಪಾರ್ಕಿನ್ಸನ್ ಇದ್ದವರನ್ನು ಪ್ರತಿ ಸಲ ಲೆವೊಡೋಪಾ ಮಾತ್ರೆ ತಗೊಂಡು ಅಷ್ಟೇ ಹೊತ್ತಾದ ಮೇಲೆ ಅಳೆಯಬೇಕು. ಇಲ್ಲದಿದ್ದರೆ ನಾವು ಅಳೆಯುವುದು ಮಾತ್ರೆಯನ್ನು. ವ್ಯಾಯಾಮವನ್ನೂ ನಾನು ನಿಲ್ಲಿಸಿರಲಿಲ್ಲ. ಅದರ ಪಾಲೆಷ್ಟು, ಇದರ ಪಾಲೆಷ್ಟು ಅಂತ ಕೇಳಿದರೆ ಬಿಡಿಸಿ ಹೇಳಲಾರೆ. ಬರೀ ವ್ಯಾಯಾಮದಲ್ಲಿ ಅವರು ಆರು ತಿಂಗಳು ಇದ್ದಲ್ಲೇ ಇದ್ದರು ಅನ್ನುವುದು ಮಾತ್ರ ಫೈಲಿನಲ್ಲಿದೆ.

ನಡುವೆ ಒಂದಿಷ್ಟು ಅಡ್ಡ ಪ್ರಯೋಗ. ಅಣ್ಣನ ಮಗನನ್ನು ಬೋರ್ಡ್ ಹತ್ತಿಸಿ, ಅವನ ಅಲೆಗೆ ಸಂಬಂಧವೇ ಇಲ್ಲದ ಹಳೆಯ ರೆಕಾರ್ಡಿಂಗ್ ಕೇಳಿಸಿದೆ. ಅವನ ತೂಗಾಟವೂ ಚೂರು ಕಡಿಮೆಯಾಯಿತು! ಬೋರ್ಡ್ ಅಭ್ಯಾಸವಾದರೆ ಅಷ್ಟು ಬಂದೇ ಬರುತ್ತದೆ. ಅಂದಿನಿಂದ ಆ ಚೂರನ್ನು ಲೆಕ್ಕದಿಂದ ಕಳೆದೇ ಮಾತಾಡುತ್ತೇನೆ. ಇರಾನಿನ ಸಂಶೋಧಕರು ಪಾರ್ಕಿನ್ಸನ್‌ನವರಿಗೆ ತಲೆಯ ಹಿಂಭಾಗದ ಓ1, ಓ2ನಲ್ಲಿ ಮಾಡಿದ್ದು 2014ರಲ್ಲಿ ಪ್ರಕಟವಾಗಿದೆ. ನಾನೂ ಅಲ್ಲಿ ಹಚ್ಚಿ ನೋಡಿದೆ. ನಿಲ್ಲಿಸಿದರೆ ಕುತ್ತಿಗೆ ಗದ್ದಲ ತಡೆಯಲಾಗಲಿಲ್ಲ, ನೆತ್ತಿಗೇ ವಾಪಸ್ ಬಂದೆ. ಭರತನಾಟ್ಯದ ಹುಡುಗಿಯೊಬ್ಬಳಿಗೂ ಮಾಡಿದೆ. ಅವಳ ತೂಗಾಟ ಮೊದಲೇ ಎಷ್ಟು ಕಡಿಮೆ ಅಂದರೆ ವೀ ಬೋರ್ಡಿಗೆ ವ್ಯತ್ಯಾಸ ಹಿಡಿಯಲಾಗಲಿಲ್ಲ.

ತಲೆಸುತ್ತು ಅಂತ ಬಂದವರಿಗೆಲ್ಲ ಎಲೆಕ್ಟ್ರೋಡ್ ಹಚ್ಚಲು ಹೋಗಬೇಡಿ. ಮೊದಲು ತಲೆ ಒಂದು ಕಡೆ ತಿರುಗಿಸಿ ಥಟ್ಟನೆ ಮಲಗಿಸಿ ನೋಡುವ ಡಿಕ್ಸ್-ಹಾಲ್‌ಪೈಕ್ ಟೆಸ್ಟ್ ಮಾಡಿ. ಒಳಕಿವಿಯ ಹರಳು ಜಾಗ ಬಿಟ್ಟಿದ್ದರೆ ತಲೆ ತಿರುಗಿಸುತ್ತಾ ಅದನ್ನು ಜಾಗಕ್ಕೆ ತರುವ ಎಪ್ಲಿ ಮಾಡಿಸಿದರೆ ಎಷ್ಟೋ ಸಲ ಅವತ್ತೇ ಮುಗಿಯುತ್ತದೆ. ಠಾಣೆಯಿಂದ ಬಂದ ಅಜ್ಜಿಯೊಬ್ಬರು ಬೇರೆಲ್ಲೋ ಹತ್ತು ಸೆಷನ್‌ಗೆ ಮುಂಗಡ ಕಟ್ಟಿ ಬಂದಿದ್ದರು, ಅವರಿಗೆ ಇದ್ದದ್ದು ಇಷ್ಟೇ.

ನಾನು ಸೆಷನ್‌ಗೆ ಎಂಟುನೂರು ತಗೊಳ್ಳುತ್ತೇನೆ. ಪೇಸ್ಟ್, ಜೆಲ್, ಹುಡುಗನ ಸಂಬಳ ಕಳೆದರೆ ಮುನ್ನೂರು ಉಳಿದರೆ ಜಾಸ್ತಿ. ಹತ್ತು ಸೆಷನ್‌ನಲ್ಲಿ ಬೋರ್ಡಿನ ಅಂಕಿ ಅಲುಗದಿದ್ದರೆ ನಿಲ್ಲಿಸಿಬಿಡುತ್ತೇನೆ, ಹಾಗೆ ವಾಪಸ್ ಹೋದವರು ಮೂರರಲ್ಲಿ ಒಬ್ಬರಾದರೂ ಇದ್ದಾರೆ. ಹಾಕಿದ ಬಂಡವಾಳ ಇನ್ನೂ ಪೂರ್ತಿ ಬಂದಿಲ್ಲ. ಗಿರಣಿಯವನು ಮಾತ್ರ ಬಾಡಿಗೆ ಜಾಸ್ತಿ ಅಂತ ಜಾಗ ಬಿಡುವ ಮಾತಾಡುತ್ತಿದ್ದಾನೆ. ಅವನು ಹೋದರೆ ಬೆಳಿಗ್ಗೆಯೂ ಎರಡು ಸೆಷನ್ ಹಾಕಬಹುದು.